ದಿಲ್ಲಿಯ ಕಂಬವೂ ಮಸ್ಕಿಯ ಬಂಡೆಯೂ

(ಸಂಘದ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಶಾಲೆಯ ಮಾಡು ಸೋರುತ್ತಿರುವಾಗ ಮಕ್ಕಳಿಗೆ ದಿಲ್ಲಿಯೇಕೆ ಎಂದು ಕಳೆದ ಮಹಾಸಭೆಯಲ್ಲಿ ಹಿರಿಯರೊಬ್ಬರು ಕೇಳಿದ್ದರು. ಪ್ರಶ್ನೆ ನ್ಯಾಯವಾದುದು. ಪ್ರವಾಸಕ್ಕೆ ಸಂಘವು ಸಹಾಯಧನವನ್ನಿತ್ತುದರಿಂದ ಲೆಕ್ಕವನ್ನು ಒಪ್ಪಿಸುವುದು ನಮ್ಮ ಕರ್ತವ್ಯ. ರೂಪಾಯಿಗಳ ಲೆಕ್ಕವನ್ನು ಕಾರ್ಯದರ್ಶಿಗಳು ಓದಿದ್ದಾರೆ. ಉಳಿದುದನ್ನು ನಾವು ಹೇಳುತ್ತೇವೆ.

ಸಂಜೆ ಕಾಸರಗೋಡಿನಲ್ಲಿ ಮಂಗಳಾ ಎಕ್ಸ್‌ಪ್ರೆಸ್ಸನ್ನು ಹತ್ತಿ, ಎರಡು ರಾತ್ರಿಗಳನ್ನು ರೈಲಿನಲ್ಲಿ ಕಳೆದು, ನಿಜಾಮುದ್ದೀನ್ ನಿಲ್ದಾಣದಲ್ಲಿ ಇಳಿದೆವು. 1998ರಲ್ಲಿ ಕೊಂಕಣ ರೈಲುಮಾರ್ಗವು ತೆರೆದ ಮೇಲೆ ದಿಲ್ಲಿ ನಮಗೆ ಹತ್ತಿರವಾಗಿದೆ. 1929ರಲ್ಲಿ ಗ್ರ್ಯಾಂಡ್ ಟ್ರಂಕ್ ಎಕ್ಸ್‌ಪ್ರೆಸ್ಸಿನ ಡಬ್ಬಿಗಳು ಮಂಗಳೂರಿಗೂ ಪೇಶಾವರಕ್ಕೂ ನಡುವೆ ಓಡುತ್ತಿದ್ದುವು. ಆ ಪ್ರಯಾಣಕ್ಕೆ ಸುಮಾರು 104 ತಾಸು ಹಿಡಿಯುತ್ತಿತ್ತು. ನಮ್ಮ ಕುಂಬಳೆಯ ಮೂಲಕವೇ ಅವು ಸಾಗುತ್ತಿದ್ದುವೆಂದರೆ ಮಕ್ಕಳು ನಂಬಲೊಲ್ಲರು. ನರ್ಮದೆಯನ್ನು ದಾಟುವಾಗ ಎಬ್ಬಿಸಬೇಕೆಂದು ಬೇಡಿಕೊಂಡವರು ಎಬ್ಬಿಸಿದರೂ ಏಳಲಿಲ್ಲ.

ಕೆಂಪುಕೋಟೆ, ಕುತುಬ್ ಮಿನಾರುಗಳ ವರ್ಣನೆ ಪಠ್ಯಪುಸ್ತಕದಲ್ಲಿಯೇ ಇದೆ. ನಾವು ಹೇಳಬೇಕಾದುದು ಕೊನೆಯ ದಿನ ಕಂಡ ಫಿರೋಜ್ ಷಾ ಕೋಟ್ಲಾದ ವಿಷಯ. ಅಲ್ಲಿ ಗುರುವಾರಗಳಂದು ಜನರು ಜಿನ್ನುಗಳಿಗೆ ಅರ್ಜಿ ಬರೆದಿಡುತ್ತಾರೆ. ನಮ್ಮಲ್ಲಿ ದೈವಗಳಿಗೆ ಹರಕೆ ಹೊರುವುದಿಲ್ಲವೆ, ಹಾಗೆಯೇ. ಹಾಳುಬಿದ್ದ ಕಟ್ಟಡದ ಮೇಲೆ ಸುಮಾರು 13 ಮೀಟರ್ ಉದ್ದದ ಒಂದೇ ಕಲ್ಲಿನ ಅಶೋಕಸ್ತಂಭವು ನಿಂತಿದೆ. 14ನೆಯ ಶತಮಾನದಲ್ಲಿ ಫಿರೋಜ್ ಷಾ ತುಘಲಕನು ಅದನ್ನು ಈಗಿನ ಹರಿಯಾಣದ ಟೋಪ್ರಾದಿಂದ ತರಿಸಿದನು. ಕಂಬವನ್ನು ಹತ್ತಿಯ ರಾಶಿಯ ಮೇಲೆ ಮೆಲ್ಲನೆ ಇಳಿಸಿ, 42 ಚಕ್ರಗಳ ಬಂಡಿಯಲ್ಲಿ ಯಮುನೆಗೆ ಎಳೆದು, ದೋಣಿಗಳಲ್ಲಿ ಸಾಗಿಸಿದರೆಂದು ಅಫೀಫನೆಂಬ ಇತಿಹಾಸಕಾರನು ಬರೆದಿದ್ದಾನೆ. ಅದರ ಬರಹವನ್ನು ಓದಲು ಪಂಡಿತರನ್ನು ಕರೆಸಿದರೆ ಒಬ್ಬರಿಗೂ ಬರಲಿಲ್ಲ.

ಕಲ್ಲು ಅಳಿದಿರಲಿಲ್ಲ, ಅಕ್ಷರ ಸವೆದಿರಲಿಲ್ಲ. ಓದುವವರು ಮಾತ್ರ ಇರಲಿಲ್ಲ. ಮಕ್ಕಳಿಗೆ ಇದನ್ನು ಹೇಳುತ್ತ ನಾವು ಕ್ಷಣಕಾಲ ಸುಮ್ಮನಾದೆವು. ಎರಡು ವಿಭಾಗಗಳಿದ್ದ ನಮ್ಮ ಹತ್ತನೆಯ ತರಗತಿ ಇಂದು ಒಂದಾಗಿರುವುದು ತಮಗೆಲ್ಲ ತಿಳಿದುದೇ.

1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಬ್ರಾಹ್ಮೀಲಿಪಿಯನ್ನು ಓದಿದನು. ದಾರಿಹೋಕರಿಗೂ ಪಶುಗಳಿಗೂ ನೆರಳಾಗಲೆಂದು ಆಲದ ಮರ ನೆಡಿಸಿದ, ಬಾವಿ ತೋಡಿಸಿದ ಅರಸನ ಮಾತು ಅದರಲ್ಲಿತ್ತು. ಆದರೆ ಅರಸನ ಹೆಸರು ಅಲ್ಲಿ ದೇವಾನಾಂಪಿಯ ಪಿಯದಸಿ ಎಂದಷ್ಟೆ. ಇವನು ಅಶೋಕನೇ ಎಂದು ವಿದ್ವಾಂಸರು ಸಿಂಹಳದ ಗ್ರಂಥಗಳ ಆಧಾರದಿಂದ ಊಹಿಸಿದ್ದರು. ಶಿಲೆಯೇ ಸಾಕ್ಷಿ ನುಡಿದುದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಹೆಸರುಳ್ಳ ಶಾಸನವು ದೊರೆತಾಗ. ದಿಲ್ಲಿಯ ಕಂಬದ ಒಡೆಯನಾರೆಂಬುದಕ್ಕೆ ಕನ್ನಡನಾಡಿನ ಬಂಡೆ ಉತ್ತರವಿತ್ತಿತು!

ಇದನ್ನು ತುಸು ಹೆಮ್ಮೆಯಿಂದಲೇ ವಿವರಿಸುತ್ತಿದ್ದೆವು. ಆಗ ಒಬ್ಬ ಹುಡುಗಿ, “ಮಾಷ್ಟ್ರೆ, ನಿಮಗೆ ಇದನ್ನು ಓದಲು ಬರುತ್ತದೆಯೆ?” ಎಂದಳು. ಬಾರದೆಂದು ಒಪ್ಪಿಕೊಂಡೆವು. ಕೆಳಗಿನಿಂದ ಅಕ್ಷರಗಳೂ ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ಒಯ್ದಿದ್ದ ಅಚ್ಚಿನ ಪ್ರತಿಯನ್ನು ಬಿಡಿಸಿ, ಕೂಡಿಸುವ ಚಿಹ್ನೆಯಂತಿರುವುದು ‘ಕ’, ನಮ್ಮ ಕಕಾರದ ಮೂಲವೂ ಅದೇ ಎಂದು ತೋರಿಸಿದೆವು. ನಮಗೆ ತಿಳಿದಿದ್ದುದು ಅಷ್ಟೇ. ಮರಳುವಾಗ ಆ ಹುಡುಗಿಯೂ ಅವಳ ಗೆಳತಿಯರೂ ಆ ಪ್ರತಿಯನ್ನಿಟ್ಟುಕೊಂಡು ಅಕ್ಷರಗಳನ್ನು ಹುಡುಕುತ್ತ ಬಂದರು. ರತ್ನಾಗಿರಿ ಬರುವಷ್ಟರಲ್ಲಿ ಅವರು ನಮಗಿಂತ ಮುಂದಿದ್ದರು.

ಮಾಡಿನ ವಿಚಾರವನ್ನು ನಾವು ಮರೆತಿಲ್ಲ. ಪೂರ್ವದ ಬದಿಯ ಹಂಚುಗಳನ್ನು ಮಳೆಗಾಲಕ್ಕೆ ಮುಂಚೆ ಬದಲಾಯಿಸಬೇಕಾಗಿದೆ. ಅದಕ್ಕೂ ತಮ್ಮಲ್ಲಿಯೇ ಕೈಯೊಡ್ಡುತ್ತಿದ್ದೇವೆ.