ಮನೆಯ ಮೇಜಿನಿಂದ ಕಚೇರಿಯ ಮೇಜಿಗೆ

(ಸಂಘದ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಮನೆಯಿಂದ ಕೆಲಸ ಮಾಡುತ್ತಿದ್ದವರನ್ನು ಸಂತೋಷದಿಂದ ಕಚೇರಿಗೆ ಮರಳುವಂತೆ ಮಾಡುವುದು ಹೇಗೆ ಎಂಬ ವಿಷಯದ ಮೇಲೆ ಮಾತನಾಡಲು ಕಾರ್ಯದರ್ಶಿಗಳು ಹೇಳಿದ್ದಾರೆ. ಮರಳುವಂತೆ ಮಾಡುವುದು ದೊಡ್ಡ ಕೆಲಸವಲ್ಲ, ಅದಕ್ಕೆ ಒಂದು ಮೇಲ್ ಸಾಕು. ಕಷ್ಟವಿರುವುದು 'ಸಂತೋಷದಿಂದ' ಎಂಬ ಶಬ್ದದಲ್ಲಿ. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪೆನಿಯ ಸಿಬ್ಬಂದಿ ವಿಭಾಗದಲ್ಲಿ ಕೆಲಸ ಮಾಡುವವನಾದ್ದರಿಂದ ಆ ಮೇಲ್ ಕಳುಹಿಸುವವರ ಸಾಲಿನಲ್ಲೇ ನಾನಿದ್ದೇನೆ. ನಮ್ಮೂರಿನವನಾದ್ದರಿಂದ ಅದನ್ನು ಓದಿ ಸಪ್ಪಗಾಗುವ ಮನೆಗಳನ್ನೂ ಬಲ್ಲೆ.

2020ರ ಮಾರ್ಚ್ 25ರಿಂದ ದೇಶವೆಲ್ಲ ಲಾಕ್‌ಡೌನ್ ಆದದ್ದು ನಿಮಗೆ ನೆನಪಿದೆ. ನಮ್ಮ ಕರಾವಳಿಯ ಹುಡುಗ ಹುಡುಗಿಯರು ಲ್ಯಾಪ್‌ಟಾಪ್ ಚೀಲ ಹೆಗಲಿಗೆ ಹಾಕಿಕೊಂಡು ಊರಿಗೆ ಬಂದರು. 'ಹದಿನೈದು ದಿನ, ಹೆಚ್ಚೆಂದರೆ ಒಂದು ತಿಂಗಳು' ಎಂದು ಬಂದವರು ಎರಡು ವರ್ಷ, ಮೂರು ವರ್ಷ ಉಳಿದರು. ಸಿಗ್ನಲ್ ಸಿಗದೆ ಗುಡ್ಡ ಹತ್ತಿದವರಿದ್ದಾರೆ. ಮಳೆಗಾಲದಲ್ಲಿ ಕರೆಂಟ್ ಹೋದಾಗ ಇನ್ವರ್ಟರ್ ಇರುವ ನೆಂಟರ ಮನೆಗೆ ಓಡಿದವರಿದ್ದಾರೆ. ಆದರೂ ಕೆಲಸ ನಿಲ್ಲಲಿಲ್ಲ. ಬಾಡಿಗೆ ಉಳಿಯಿತು, ಆ ಹಣದಲ್ಲಿ ಮನೆಯ ಸಾಲ ತೀರಿತು, ತಂಗಿಯ ಮದುವೆಯಾಯಿತು. ವಯಸ್ಸಾದ ತಂದೆಯ ಡಯಾಲಿಸಿಸ್‌ಗೆ ಜೊತೆಗೆ ಹೋಗಲು ಮಗನೊಬ್ಬ ಮನೆಯಲ್ಲಿದ್ದ. ಇದನ್ನೆಲ್ಲ ಕಂಪೆನಿಗಳು ಕೊಡಲಿಲ್ಲ, ತಾನಾಗಿ ಸಿಕ್ಕಿತು. ಸಿಕ್ಕಿದ್ದನ್ನು ಬಿಟ್ಟು ಬನ್ನಿ ಎಂದು ಹೇಳುವಾಗ, ಏನನ್ನು ಬಿಡಲು ಹೇಳುತ್ತಿದ್ದೇವೆ ಎಂಬುದು ಹೇಳುವವನಿಗೆ ಗೊತ್ತಿರಬೇಕು.

ಕರೆ ಬಂದದ್ದು ಹೀಗೆ. 2025ರ ಹೊತ್ತಿಗೆ ತನ್ನ ನೌಕರರಲ್ಲಿ ಶೇಕಡಾ 25 ಮಂದಿ ಮಾತ್ರ ಕಚೇರಿಯಲ್ಲಿದ್ದರೆ ಸಾಕು ಎಂದು 2020ರಲ್ಲಿ ಹೇಳಿದ್ದ ಟಿಸಿಎಸ್, 2023ರ ಅಕ್ಟೋಬರ್ 1ರಿಂದ ವಾರಕ್ಕೆ ಐದು ದಿನ ಬನ್ನಿ ಎಂದಿತು. ಇನ್ಫೋಸಿಸ್ ಅದೇ ವರ್ಷ ನವೆಂಬರ್‌ನಲ್ಲಿ ಹಲವರಿಗೆ ತಿಂಗಳಿಗೆ 10 ದಿನ ಕಡ್ಡಾಯ ಮಾಡಿತು. ವಿಪ್ರೋ ನವೆಂಬರ್ 15ರಿಂದ ವಾರಕ್ಕೆ ಮೂರು ದಿನ ಎಂದಿತು. ಅಮೆಜಾನ್ ತನ್ನ ಕಚೇರಿ ನೌಕರರನ್ನು 2025ರ ಜನವರಿಯಿಂದ ಐದೂ ದಿನ ಕರೆಯಿತು. ಒಂದೊಂದು ಕಡೆ ಒಂದೊಂದು ಲೆಕ್ಕ, ಆದರೆ ದಿಕ್ಕು ಒಂದೇ.

ಇಲ್ಲಿ ಎರಡು ಕಡೆಯವರೂ ಸ್ವಲ್ಪ ಹಟ ಮಾಡುತ್ತಾರೆ. ಮನೆಯಲ್ಲಿ ಕುಳಿತರೆ ಕೆಲಸವೇ ಆಗುವುದಿಲ್ಲ ಎಂದು ಮೇಲಿನವರು, ಕಚೇರಿಯಿಂದ ಮೂರು ಕಾಸಿನ ಪ್ರಯೋಜನವಿಲ್ಲ ಎಂದು ಕೆಳಗಿನವರು. ಎರಡೂ ಸರಿಯಲ್ಲ ಎನ್ನುವುದಕ್ಕೆ ಒಳ್ಳೆಯ ಅಧ್ಯಯನಗಳಿವೆ. ಕೊರೋನಾ ಬರುವುದಕ್ಕೆ ಹತ್ತು ವರ್ಷ ಮೊದಲೇ, 2010ರ ಕೊನೆಯಲ್ಲಿ, ಚೀನಾದ ಸಿಟ್ರಿಪ್ ಎಂಬ ಪ್ರವಾಸ ಕಂಪೆನಿ ಶಾಂಘೈಯ ತನ್ನ ಕಾಲ್ ಸೆಂಟರಿನಲ್ಲಿ ಒಂದು ಪ್ರಯೋಗ ಮಾಡಿತು. ಇಷ್ಟಪಟ್ಟು ಮುಂದೆ ಬಂದವರಲ್ಲಿ ಅರ್ಧದಷ್ಟು ಮಂದಿಯನ್ನು ಒಂಬತ್ತು ತಿಂಗಳು ಮನೆಯಿಂದ ಕೆಲಸ ಮಾಡಲು ಬಿಟ್ಟರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನಿಕೊಲಸ್ ಬ್ಲೂಮ್ ಮತ್ತು ಜೊತೆಗಾರರು ಲೆಕ್ಕ ಹಾಕಿದಾಗ ಮನೆಯಲ್ಲಿದ್ದವರ ಕೆಲಸ ಶೇಕಡಾ 13ರಷ್ಟು ಹೆಚ್ಚಿತ್ತು. ಆದರೆ ಪ್ರಯೋಗ ಮುಗಿದು ಆಯ್ಕೆ ಅವರಿಗೇ ಬಿಟ್ಟಾಗ, ಮನೆಯಲ್ಲಿದ್ದವರಲ್ಲಿ ಸುಮಾರು ಅರ್ಧ ಮಂದಿ ಕಚೇರಿಗೇ ಮರಳಿದರು! ಒಂಟಿತನ ಅದಕ್ಕೆ ಒಂದು ದೊಡ್ಡ ಕಾರಣವಾಗಿತ್ತು. ಇನ್ನೊಂದು ವಿಷಯವೂ ಕಂಡಿತು. ಅಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಮನೆಯಲ್ಲಿದ್ದವರಿಗೆ ಬಡ್ತಿ ಕಡಿಮೆ ಸಿಕ್ಕಿತು. ಕಣ್ಣ ಮುಂದೆ ಇಲ್ಲದವನ ನೆನಪು ಯಜಮಾನನಿಗೆ ಬರುವುದು ಕಡಿಮೆ, ಊರಿನ ಅಂಗಡಿಯಲ್ಲೂ ಹಾಗೆಯೇ ಅಲ್ಲವೇ?

ಅದೇ ಕಂಪೆನಿ, ಈಗ ಹೆಸರು ಟ್ರಿಪ್ ಡಾಟ್ ಕಾಮ್, 2021-22ರಲ್ಲಿ ಆರು ತಿಂಗಳು ಇನ್ನೊಂದು ಪ್ರಯೋಗ ಮಾಡಿತು. 1,612 ಮಂದಿ ಪದವೀಧರ ನೌಕರರಲ್ಲಿ ಒಂದು ಗುಂಪಿಗೆ ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ, ಇನ್ನೊಂದಕ್ಕೆ ಐದೂ ದಿನ ಕಚೇರಿ. ಮೊದಲ ಗುಂಪಿನಲ್ಲಿ ಕೆಲಸ ಬಿಟ್ಟು ಹೋಗುವವರ ಪ್ರಮಾಣ ಮೂರನೇ ಒಂದು ಭಾಗ ಕಡಿಮೆಯಾಯಿತು. ಮಹಿಳೆಯರಲ್ಲಿ, ದೂರದಿಂದ ಬರುವವರಲ್ಲಿ ಈ ವ್ಯತ್ಯಾಸ ಎದ್ದು ಕಂಡಿತು. ಕೆಲಸದ ಗುಣಮಟ್ಟದಲ್ಲಾಗಲಿ ಬಡ್ತಿಯಲ್ಲಾಗಲಿ ವ್ಯತ್ಯಾಸವಾಗಲಿಲ್ಲ. 2024ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದು ಪ್ರಕಟವಾಗಿದೆ. ಹೀಗಿರುವಾಗ ಐದು ದಿನ ಎಂದು ಪಟ್ಟು ಹಿಡಿಯುವ ಮೊದಲು ಮೂರು ದಿನದಲ್ಲಿ ಆಗದ್ದು ಏನು ಎಂದು ಆಡಳಿತದವರು ತಮ್ಮನ್ನೇ ಕೇಳಿಕೊಳ್ಳುವುದು ಒಳ್ಳೆಯದು. ಇದು ನನ್ನ ವೈಯಕ್ತಿಕ ಅಭಿಪ್ರಾಯ, ಕಂಪೆನಿಯದ್ದಲ್ಲ.

ಇನ್ನು ಕರೆಯುವ ಕ್ರಮಕ್ಕೆ ಬರೋಣ. ಈ ಸಭೆಯಲ್ಲಿ ಹತ್ತು ಜನರನ್ನು, ನೂರು ಜನರನ್ನು ನೋಡಿಕೊಳ್ಳುವ ಮ್ಯಾನೇಜರುಗಳೂ ಇದ್ದೀರಿ, ಸ್ವಂತ ಸಂಸ್ಥೆ ನಡೆಸುವವರೂ ಇದ್ದೀರಿ. ಮೊದಲ ವಿಷಯ ಕಾರಣ. 'ಆಡಳಿತ ಮಂಡಳಿ ತೀರ್ಮಾನಿಸಿದೆ' ಎಂಬುದು ಕಾರಣವಲ್ಲ. 'ಹೊಸದಾಗಿ ಸೇರಿದ ಎಂಟು ಮಂದಿಗೆ ಕಲಿಸುವವರಿಲ್ಲ, ನೀವು ಮಂಗಳವಾರ, ಬುಧವಾರ ಬಂದರೆ ಅವರು ಕಲಿಯುತ್ತಾರೆ' ಎಂಬುದು ಕಾರಣ. ಇಂಥ ಕಾರಣ ಹೇಳಿದಾಗ ಗೊಣಗುತ್ತಾ ಬಂದವರನ್ನು ನೋಡಿದ್ದೇನೆ, ಆದರೆ ಜಗಳವಾಡಿದವರನ್ನು ನೋಡಿಲ್ಲ.

ಎರಡನೆಯದು ಸಮಯ, ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. 2023ರಲ್ಲಿ ಅನೇಕರಿಗೆ ಕರೆ ಬಂದದ್ದು ಅಕ್ಟೋಬರ್, ನವೆಂಬರ್‌ನಲ್ಲಿ. ಊರಿನ ಶಾಲೆಗೆ ಜೂನ್‌ನಲ್ಲಿ ಸೇರಿಸಿದ ಮಗುವಿಗೆ ಆಗ ಅರ್ಧ ವರ್ಷ ಆಗಿರುತ್ತದೆ. ಬೆಂಗಳೂರಿನ ಯಾವ ಶಾಲೆಯವರು ನಡುವಿನಲ್ಲಿ ಸೇರಿಸಿಕೊಳ್ಳುತ್ತಾರೆ? ಸೇರಿಸಿಕೊಂಡರೂ ಎರಡನೇ ಸಲ ಡೊನೇಷನ್. ಮನೆ ಹಿಡಿಯಲು ಹೋದರೆ ಆರು ತಿಂಗಳು, ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವ ಮಾಲೀಕರಿದ್ದಾರೆ. ನಮ್ಮ ಹುಡುಗರಿಗೆ ಹೆಸರು ಕೇಳಿದ ಮೇಲೆ 'ಮನೆ ಬಾಡಿಗೆಗೆ ಹೋಗಿದೆ' ಎಂಬ ಉತ್ತರ ಸಿಗುವುದೂ ಉಂಟು, ಅದನ್ನು ಇಲ್ಲಿ ವಿವರಿಸಬೇಕಾಗಿಲ್ಲ. ಹೀಗಾಗಿ ಹದಿನೈದು ದಿನದ ನೋಟಿಸ್ ಎಂದರೆ ಅರ್ಧ ಸಂಸಾರವನ್ನು ಊರಿನಲ್ಲಿ ಬಿಟ್ಟು ಬಾ ಎಂದ ಹಾಗೆ. ಮಾರ್ಚ್‌ನಲ್ಲಿ ಹೇಳಿ, ಜೂನ್‌ನಲ್ಲಿ ಬರುವಂತೆ ಮಾಡಿದರೆ ಕಂಪೆನಿ ಕಳೆದುಕೊಳ್ಳುವುದು ಏನೂ ಇಲ್ಲ. ಮೊದಲ ತಿಂಗಳು ಅಡ್ವಾನ್ಸ್‌ಗೆಂದು ಬಡ್ಡಿಯಿಲ್ಲದೆ ಸ್ವಲ್ಪ ಹಣ ಕೊಟ್ಟು ಸಂಬಳದಲ್ಲಿ ಕಂತಾಗಿ ಹಿಡಿದರೆ ಇನ್ನೂ ಒಳ್ಳೆಯದು.

ಪ್ರಯಾಣದ ಕಷ್ಟ ಎಲ್ಲರಿಗೂ ಗೊತ್ತು. 2023ರಲ್ಲಿ ಬೆಂಗಳೂರು ನಗರದ ನಡುವೆ 10 ಕಿ.ಮೀ. ಹೋಗಲು ಸರಾಸರಿ 28 ನಿಮಿಷಕ್ಕೂ ಹೆಚ್ಚು ಬೇಕಾಗುತ್ತಿತ್ತು ಎಂದು ಟಾಮ್‌ಟಾಮ್ ಸಂಸ್ಥೆ ಲೆಕ್ಕ ಕೊಟ್ಟಿದೆ. ಹೊರವರ್ತುಲ ರಸ್ತೆಯಲ್ಲಿ ಬೆಳಗ್ಗೆ ಒಂಬತ್ತಕ್ಕೆ ನಿಂತವರು ಈ ಲೆಕ್ಕ ಕೇಳಿ ನಗುತ್ತಾರೆ. ವೈಟ್‌ಫೀಲ್ಡ್‌ಗೆ 2023ರಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಕಡೆಗೆ 2025ರ ಆಗಸ್ಟ್‌ನಲ್ಲಿ ಮೆಟ್ರೋ ಬಂದಿರುವುದರಿಂದ ಮನೆ ಹುಡುಕುವವರು ಕಚೇರಿಯ ಪಕ್ಕವೇ ಬೇಕೆಂದು ಹಟ ಹಿಡಿಯದೆ ಮೆಟ್ರೋ ದಾರಿಯಲ್ಲಿ ನೋಡುವುದು ಲೇಸು. ಹತ್ತೂವರೆಗೆ ಬಂದು ಏಳಕ್ಕೆ ಹೋಗಲು ಬಿಡುವುದು ಮ್ಯಾನೇಜರ ಕೈಯಲ್ಲಿರುವ ಅತ್ಯಂತ ಅಗ್ಗದ ಸವಲತ್ತು.

ಬಂದ ಮೇಲೆ ಏನು? ಇಲ್ಲಿಯೇ ಹೆಚ್ಚಿನವರು ಕೆಡಿಸುವುದು. ಒಂದೂವರೆ ಗಂಟೆ ಬಸ್ಸಿನಲ್ಲಿ ಬಂದ ಹುಡುಗನ ತಂಡದವರು ಆ ದಿನ ಯಾರೂ ಬಂದಿಲ್ಲ. ಅವನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮನೆಯಲ್ಲಿದ್ದಾಗ ಮಾಡುತ್ತಿದ್ದ ಅದೇ ವಿಡಿಯೊ ಮೀಟಿಂಗ್ ಮಾಡಿ ವಾಪಸು ಹೋಗುತ್ತಾನೆ. ಮರುದಿನ ಅವನಿಗೆ ಉತ್ಸಾಹ ಎಲ್ಲಿಂದ ಬರಬೇಕು? ಒಂದು ತಂಡ ಎಂದರೆ ಒಂದೇ ದಿನ ಬರಬೇಕು. ಗೇಟಿನಲ್ಲಿ ಕಾರ್ಡ್ ಉಜ್ಜಿದ್ದನ್ನೇ ಎಣಿಸುತ್ತಾ ಕುಳಿತರೆ ಜನ ಕಾರ್ಡ್ ಉಜ್ಜಿ, ಕಾಫಿ ಕುಡಿದು ಹೋಗುವುದನ್ನು ಕಲಿಯುತ್ತಾರೆ, ಕಲಿತಿದ್ದಾರೆ ಕೂಡ. ಮೊದಲ ಎರಡು ವಾರ ಕೆಲಸ ಸ್ವಲ್ಪ ಹಿಂದೆ ಬೀಳುತ್ತದೆ, ಬೀಳಲಿ. ನಮ್ಮಲ್ಲಿ ಎರಡು ವರ್ಷ ಜೊತೆಗೆ ಕೆಲಸ ಮಾಡಿದ ಇಬ್ಬರು ಲಿಫ್ಟಿನಲ್ಲಿ ಎದುರಾದಾಗ ಒಬ್ಬರನ್ನೊಬ್ಬರು ಗುರುತಿಸಲಿಲ್ಲ. ಪರದೆಯ ಮೇಲೆ ಎಲ್ಲರೂ ಒಂದೇ ಎತ್ತರ ನೋಡಿ! ಶುಕ್ರವಾರ ಮಧ್ಯಾಹ್ನ ಒಂದು ಗಂಟೆಗೆ ಮೀಟಿಂಗ್ ಇಡಬೇಡಿ ಎಂಬುದನ್ನು ನಮ್ಮವರು ಹೇಳಲು ಸಂಕೋಚಪಡುತ್ತಾರೆ. ಮೊದಲ ವಾರವೇ ವಿನಯದಿಂದ ಹೇಳಿಬಿಡಿ, ಆ ಗಂಟೆಯ ಕೆಲಸವನ್ನು ಸಂಜೆ ಮುಗಿಸಿ ಕೊಡಿ. ಹೇಳದೆ ಕಾಣೆಯಾಗುವುದರಿಂದ ಮಾತ್ರ ತೊಂದರೆ.

ವಿದ್ಯಾರ್ಥಿಗಳೇ, 2020ರ ನಂತರ ಕೆಲಸಕ್ಕೆ ಸೇರಿದ ನಿಮ್ಮ ಅಣ್ಣ ಅಕ್ಕಂದಿರಲ್ಲಿ ಅನೇಕರಿಗೆ ಇದು ಮರಳುವುದೇ ಅಲ್ಲ. ಅವರು ಕಚೇರಿಯನ್ನೇ ನೋಡಿಲ್ಲ. ಅವರ ಭಯ ಬೇರೆ. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗನಿಗೆ ಚಾಟ್‌ನಲ್ಲಿ ಬರೆಯುವುದು ಸುಲಭವಾಗಿತ್ತು. ಇಂಗ್ಲಿಷ್ ವಾಕ್ಯವನ್ನು ಎರಡು ಸಲ ತಿದ್ದಿ ಕಳುಹಿಸಬಹುದಿತ್ತು. ಈಗ ಎದುರು ಕುಳಿತವರ ಮುಂದೆ ಬಾಯಿ ಒಣಗುತ್ತದೆ. ಇದನ್ನು ಅರಿತ ಮ್ಯಾನೇಜರ್ ಮೀಟಿಂಗಿನ ವಿಷಯಗಳನ್ನು ಹಿಂದಿನ ದಿನವೇ ಬರೆದು ಕಳುಹಿಸುತ್ತಾನೆ, ಹುಡುಗ ಮೂರು ವಾಕ್ಯ ಸಿದ್ಧಮಾಡಿಕೊಂಡು ಬರುತ್ತಾನೆ. ಕಷ್ಟವಿದ್ದರೂ ಕಿರಿಯರಿಗೆ ಕಚೇರಿಯಿಂದ ಲಾಭವಿದೆ. ಅಮೆರಿಕದ ಒಂದು ದೊಡ್ಡ ಕಂಪೆನಿಯ ಸಾಫ್ಟ್‌ವೇರ್ ಎಂಜಿನಿಯರುಗಳನ್ನು ಅಧ್ಯಯನ ಮಾಡಿದವರು, ತಂಡದವರ ಹತ್ತಿರ ಕುಳಿತವರಿಗೆ ತಮ್ಮ ಕೋಡಿನ ಮೇಲೆ ಹೆಚ್ಚು ಟಿಪ್ಪಣಿ, ಸಲಹೆ ಸಿಗುತ್ತದೆ, ಹೊಸಬರಿಗೆ, ಅದರಲ್ಲೂ ಮಹಿಳೆಯರಿಗೆ ಇದರ ಉಪಯೋಗ ಹೆಚ್ಚು ಎಂದು ಕಂಡಿದ್ದಾರೆ. ಕಲಿಸುವ ಹಿರಿಯರ ಸ್ವಂತ ಕೆಲಸ ಅಷ್ಟು ಕಡಿಮೆಯಾಗುತ್ತದೆ ಎಂಬುದೂ ಅದೇ ಅಧ್ಯಯನದಲ್ಲಿದೆ. ಕಲಿಸುವವನಿಗೆ ಅದನ್ನೂ ಕೆಲಸವೆಂದು ಲೆಕ್ಕ ಹಿಡಿಯದಿದ್ದರೆ ಅವನು ಮನೆಯಲ್ಲೇ ಉಳಿಯಲು ಬಯಸುವುದು ಸಹಜ.

ಈಗ ನನಗೆ ಮುಖ್ಯವೆನಿಸುವ ವಿಷಯ. 2020ರಿಂದ 2023ರವರೆಗೆ ನಮ್ಮ ತಾಲೂಕುಗಳ ಎಷ್ಟೋ ಹೆಣ್ಣುಮಕ್ಕಳು ಮೊದಲ ಬಾರಿಗೆ ಒಳ್ಳೆಯ ಸಂಬಳದ ಕೆಲಸ ಕಂಡರು. ಬೆಂಗಳೂರಿಗೆ ಕಳುಹಿಸಲು ಒಪ್ಪದ ಮನೆಗಳು ಕೋಣೆಯಲ್ಲಿ ಕುಳಿತು ಮಾಡುವ ಕೆಲಸಕ್ಕೆ ಒಪ್ಪಿದವು. ಆಮೇಲೆ ಕರೆ ಬಂತು. ನನಗೆ ಗೊತ್ತಿರುವ ಇಬ್ಬರು ಹುಡುಗಿಯರಿಗೆ ಒಂದೇ ತಿಂಗಳಲ್ಲಿ ಮೇಲ್ ಬಂತು. ಒಬ್ಬಳ ಮನೆಯಲ್ಲಿ 'ಬೇಡ, ಬಿಟ್ಟುಬಿಡು' ಎಂದರು. ತಮ್ಮನ ಎಂಜಿನಿಯರಿಂಗ್ ಶುಲ್ಕ ಅವಳ ಸಂಬಳದಿಂದ ಹೋಗುತ್ತಿತ್ತು. ಅವಳು ರಾಜೀನಾಮೆ ಕೊಟ್ಟಳು, ಈಗ ಊರಿನ ಶಾಲೆಯೊಂದರಲ್ಲಿ ಆ ಸಂಬಳದ ಕಾಲು ಭಾಗಕ್ಕೆ ಕಂಪ್ಯೂಟರ್ ಕಲಿಸುತ್ತಾಳೆ. ಶುಲ್ಕಕ್ಕೆ ತಂದೆ ಸಾಲ ಮಾಡಿದ್ದಾರೆ. ಇನ್ನೊಬ್ಬಳು ಮ್ಯಾನೇಜರ ಹತ್ತಿರ ಲೆಕ್ಕ ಮಾತಾಡಿದಳು. ತಿಂಗಳಿಗೆ 10 ದಿನ ಎಂದರೆ ವಾರವಾರ ರಾತ್ರಿ ಬಸ್ ಹತ್ತಬೇಕೆಂದಿಲ್ಲ, ಎರಡು ವಾರ ಒಟ್ಟಿಗೆ ಬಂದು ಉಳಿದ ದಿನ ಊರಿನಿಂದ ಮಾಡಬಹುದೇ ಎಂದು ಕೇಳಿದಳು. ಅವರು ಒಪ್ಪಿದರು. ಮೊದಲ ಸಲ ಉಮ್ಮ ಜೊತೆಗೆ ಹೋಗಿ ಪಿ.ಜಿ.ಯಲ್ಲಿ ಐದು ದಿನ ಇದ್ದು, ಅಡುಗೆಯವಳಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರನ್ನೂ ಮಾತಾಡಿಸಿ ಬಂದರು. ಈಗ ಅವಳು ತಂಡದ ಮುಖ್ಯಸ್ಥೆ. ಇಬ್ಬರ ಬುದ್ಧಿವಂತಿಕೆಯಲ್ಲಿ ವ್ಯತ್ಯಾಸವಿರಲಿಲ್ಲ.

ಮಕ್ಕಳಿರುವ ತಾಯಂದಿರು ಕಾನೂನನ್ನೂ ತಿಳಿದಿರಬೇಕು. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಇರಬೇಕು, ದಿನಕ್ಕೆ ನಾಲ್ಕು ಸಲ ತಾಯಿ ಅಲ್ಲಿಗೆ ಹೋಗಿಬರಬಹುದು ಎಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ ಹೇಳಿತು. ಕೆಲಸದ ಸ್ವರೂಪ ಒಪ್ಪುವಂತಿದ್ದರೆ ಹೆರಿಗೆ ರಜೆಯ ನಂತರ ಪರಸ್ಪರ ಒಪ್ಪಂದದ ಮೇಲೆ ಮನೆಯಿಂದ ಕೆಲಸ ಮಾಡಲೂ ಅದರಲ್ಲಿ ಅವಕಾಶವಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇವು ಉಳಿದಿವೆ. ಕೇಳುವವರಿಲ್ಲದ ಕಡೆ ಇವೆಲ್ಲ ಕಾಗದದಲ್ಲೇ ಇರುತ್ತವೆ. ಮೇಲ್ ಬಂದ ದಿನವೇ ಸಿಟ್ಟಿನಲ್ಲಿ ರಾಜೀನಾಮೆ ಬರೆಯಬೇಡಿ. ಯಾವ ದಿನ, ಎಷ್ಟು ದಿನ, ಯಾವಾಗಿನಿಂದ ಎಂಬ ಮೂರನ್ನೂ ಬರವಣಿಗೆಯಲ್ಲಿ ಕೇಳಿ.

ಸಂಘಕ್ಕೆ ಒಂದು ಕೋರಿಕೆ. ಬೆಂಗಳೂರಿನಲ್ಲಿರುವ ನಮ್ಮ ಸದಸ್ಯರು ಸೇರಿ ಮೆಟ್ರೋ ನಿಲ್ದಾಣಗಳ ಆಸುಪಾಸಿನ, ತಾವು ಕಣ್ಣಾರೆ ನೋಡಿದ ಮಹಿಳಾ ಪಿ.ಜಿ. ಮತ್ತು ಹಾಸ್ಟೆಲುಗಳ ಪಟ್ಟಿಯೊಂದನ್ನು ತಯಾರಿಸಲಿ. ಕೇಂದ್ರ ಸರಕಾರದ ಸಖಿ ನಿವಾಸ ಯೋಜನೆಯಲ್ಲಿ ಉದ್ಯೋಗಸ್ಥ ಮಹಿಳೆಯರ ವಸತಿಗೃಹಗಳಿವೆ, ಅವುಗಳ ಬಗ್ಗೆಯೂ ಅದರಲ್ಲಿ ಬರೆಯಲಿ. ವಿದ್ಯಾರ್ಥಿವೇತನದ ಅರ್ಜಿಯಂತೆ ಅದು ನಮ್ಮ ಕಚೇರಿಯಲ್ಲಿ ಸಿಗುವಂತಾಗಲಿ. ಊಟದ ನಂತರ ನಾನು ಹಿಂದಿನ ಕೋಣೆಯಲ್ಲಿ ನಾಲ್ಕು ಗಂಟೆಯವರೆಗೆ ಇರುತ್ತೇನೆ. ಇಂಥ ಮೇಲ್ ಬಂದವರು ಅದರ ಪ್ರತಿ ತಂದರೆ ಓದಿ, ಉತ್ತರ ಬರೆಯಲು ಸಹಾಯ ಮಾಡುತ್ತೇನೆ. ಹುಡುಗಿಯರ ಜೊತೆ ತಂದೆಯವರೂ ಬಂದರೆ ಇನ್ನೂ ಒಳ್ಳೆಯದು.