ಅಳಿಸಲಾಗದ ದಾಖಲೆಯಲ್ಲಿ ಯಾರ ಹೆಸರು?

(ಕಡಬದಲ್ಲಿ ಮಾಡಿದ ಭಾಷಣದ ಬರಹ ರೂಪ)



ಬ್ಲಾಕ್‌ಚೈನ್ ಎಂಬ ಪದ ಕೇಳಿದೊಡನೆ ನಮ್ಮಲ್ಲಿ ಅನೇಕರ ಮನಸ್ಸು ಬಿಟ್‌ಕಾಯಿನ್ ಕಡೆಗೆ ಹೋಗುತ್ತದೆ. ಕರ್ನಾಟಕದಲ್ಲಂತೂ ಆ ಹೆಸರಿಗೆ ಹಗರಣದ ವಾಸನೆಯೂ ಅಂಟಿಕೊಂಡಿದೆ. 2008ರಲ್ಲಿ ಸತೋಶಿ ನಕಮೊಟೊ ಎಂಬ ಗುಪ್ತನಾಮದ ಪ್ರಬಂಧದೊಂದಿಗೆ ಬಂದ ಆ ನಾಣ್ಯ ಇಂದಿನ ನಮ್ಮ ವಿಷಯವಲ್ಲ. ಅದರ ಬೆನ್ನೆಲುಬಾಗಿರುವ ದಾಖಲೆಯ ಕ್ರಮವೀಗ ಸರಕಾರಿ ಕಚೇರಿಗಳ ಬಾಗಿಲಿಗೆ ಬಂದಿದೆ. ನಾವು ಚರ್ಚಿಸಬೇಕಾದುದು ಅದನ್ನು.

ಜಮಾಅತ್‌ನ ಲೆಕ್ಕಪುಸ್ತಕವೊಂದನ್ನು ಊಹಿಸಿಕೊಳ್ಳೋಣ. ಪುಸ್ತಕ ಒಂದೇ, ಅದಿರುವುದು ಕಾರ್ಯದರ್ಶಿಯ ಮನೆಯಲ್ಲಿ. ಒಂದು ಹಾಳೆ ಕಿತ್ತು ಬೇರೊಂದನ್ನು ಅಂಟಿಸಿದರೆ ತಿಳಿಯುವವರಿಲ್ಲ. ಈಗ ಪ್ರತಿ ಹಾಳೆಯ ತಲೆಯಲ್ಲಿ, ಹಿಂದಿನ ಹಾಳೆಯ ಅಷ್ಟೂ ಬರಹದಿಂದ ಲೆಕ್ಕ ಹಾಕಿ ತೆಗೆದ ಗುರುತುಸಂಖ್ಯೆಯನ್ನು ಬರೆಯಬೇಕೆಂದು ನಿಯಮ ಮಾಡಿ, ಪುಸ್ತಕದ ಪ್ರತಿಗಳನ್ನು ಹತ್ತು ಮನೆಗಳಲ್ಲಿ ಇರಿಸಿದರೆ? ಐದನೆಯ ಹಾಳೆಯಲ್ಲಿ ಒಂದು ಸೊನ್ನೆ ಬದಲಿಸಿದವನು ಆರನೆಯದರಿಂದ ಕೊನೆಯವರೆಗಿನ ಎಲ್ಲ ಹಾಳೆಗಳನ್ನೂ ತಿದ್ದಬೇಕು. ಅದೂ ಹತ್ತು ಮನೆಗಳಲ್ಲಿ. ಬ್ಲಾಕ್‌ಚೈನ್ ಎಂದರೆ ಸ್ಥೂಲವಾಗಿ ಇಷ್ಟೇ.

ಕೇಂದ್ರ ಸರಕಾರದ ರಾಷ್ಟ್ರೀಯ ಮಾಹಿತಿ ಕೇಂದ್ರವು ಇದಕ್ಕಾಗಿ 2020ರ ಜನವರಿಯಲ್ಲಿ ಬೆಂಗಳೂರಿನಲ್ಲೇ ಒಂದು ವಿಶೇಷ ಕೇಂದ್ರವನ್ನು ತೆರೆಯಿತು. 2024ರ ಸೆಪ್ಟೆಂಬರ್‌ನಲ್ಲಿ 'ವಿಶ್ವಸ್ಯ' ಎಂಬ ರಾಷ್ಟ್ರೀಯ ವ್ಯವಸ್ಥೆ ಬಂತು. ಆಸ್ತಿ ದಾಖಲೆಗಳಿಗೆ ಪ್ರಾಪರ್ಟಿ ಚೈನ್, ಪ್ರಮಾಣಪತ್ರಗಳಿಗೆ ಡಾಕ್ಯುಮೆಂಟ್ ಚೈನ್ ಎಂಬ ಹೆಸರುಗಳು ಕೇಳಿಬರುತ್ತಿವೆ. ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಏಟಾಪಲ್ಲಿ ನಮ್ಮ ಕಡಬದಂತೆ ಕಾಡಂಚಿನ ತಾಲೂಕು. ಅಲ್ಲಿ 2022ರಲ್ಲಿ 65,000 ಜಾತಿ ಪ್ರಮಾಣಪತ್ರಗಳನ್ನು ಬ್ಲಾಕ್‌ಚೈನ್‌ನಲ್ಲಿ ದಾಖಲಿಸುವ ಕೆಲಸ ಕೈಗೊಳ್ಳಲಾಯಿತು. ನಕಲಿ ಪತ್ರ ತಂದವನು ಕ್ಷಣದಲ್ಲಿ ಸಿಕ್ಕಿಬೀಳುತ್ತಾನೆ. ಒಳ್ಳೆಯದೇ. ಆದರೆ ಪತ್ರ ಅಸಲಿ ಎಂದು ಯಂತ್ರ ಸಾಬೀತುಪಡಿಸಬಲ್ಲುದೇ ಹೊರತು, ಆ ಪತ್ರ ಕೊಡುವ ಹಕ್ಕು ಉಳಿಯುತ್ತದೆಂದು ಭರವಸೆ ಕೊಡಲಾರದು. 2023ರ ಮಾರ್ಚ್‌ನಲ್ಲಿ ಅಂದಿನ ರಾಜ್ಯ ಸರಕಾರ 2ಬಿ ಮೀಸಲಾತಿಯನ್ನೇ ಕಿತ್ತುಹಾಕಲು ಹೊರಟುದು, ವಿಷಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ್ದು ನಮಗೆ ಮರೆತಿಲ್ಲ.

ಕರ್ನಾಟಕಕ್ಕೆ ಈ ದಾರಿ ಹೊಸತಲ್ಲ. ಭೂಮಿ ಯೋಜನೆಗೆ ಮೊದಲು ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕಗಳೇ ರೈತನ ಭಾಗ್ಯವನ್ನು ನಿರ್ಧರಿಸುತ್ತಿದ್ದುವು. ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ 177 ತಾಲೂಕುಗಳ ಸುಮಾರು 2 ಕೋಟಿ ಆರ್‌ಟಿಸಿಗಳು ಗಣಕಯಂತ್ರ ಸೇರಿದುವು. ಪುಸ್ತಕ ತೋರಿಸಲು ಕೈ ಬಿಸಿ ಮಾಡಬೇಕಾದ ಕಾಲ ಬಹುಮಟ್ಟಿಗೆ ಮುಗಿಯಿತು. ಆದರೆ ಗಣಕಯಂತ್ರ ಮಾಡಿದ್ದಾದರೂ ಏನು? ಪುಸ್ತಕದಲ್ಲಿದ್ದುದನ್ನು ನಕಲು ಮಾಡಿತು. ಪುಸ್ತಕದ ತಪ್ಪು ಪರದೆಯ ತಪ್ಪಾಯಿತು. ನಾಳೆ ಅದೇ ತಪ್ಪು ಬ್ಲಾಕ್‌ಚೈನ್‌ಗೆ ಹೋದರೆ ಅಳಿಸಲಾಗದ ತಪ್ಪಾಗುತ್ತದೆ.

ನಮ್ಮ ಮನೆಗಳ ಆರ್‌ಟಿಸಿಗಳನ್ನೇ ನೋಡೋಣ. ಅಜ್ಜನ ಹೆಸರು ದಾಖಲೆಯಲ್ಲಿ ಇಬ್ರಾಯಿ ಬ್ಯಾರಿ. ಆಧಾರ್‌ನಲ್ಲಿ ಇಬ್ರಾಹಿಂ. ಮತದಾರರ ಪಟ್ಟಿಯಲ್ಲಿ ಮೂರನೆಯ ರೂಪ. ಉಮ್ಮನ ಹೆಸರು ಒಂದೆಡೆ ಪಾತುಮ್ಮ, ಇನ್ನೊಂದೆಡೆ ಫಾತಿಮಾ. ಬ್ಯಾರಿ ನಾಲಿಗೆಯಿಂದ ಹೊರಟ ಅರಬಿ ಹೆಸರನ್ನು ಗುಮಾಸ್ತ ತನಗೆ ಕೇಳಿಸಿದಂತೆ ಬರೆದ. ಅದರಲ್ಲಿ ದುರುದ್ದೇಶವೇನೂ ಇರಲಿಲ್ಲ. ಮನುಷ್ಯ ಅಧಿಕಾರಿ 'ಇಬ್ಬರೂ ಒಬ್ಬರೇ' ಎಂದು ಅರ್ಥಮಾಡಿಕೊಂಡಾನು, ಯಂತ್ರಕ್ಕೆ ಅವರು ಇಬ್ಬರೇ.

ಇನ್ನು ಮೃತರ ವಿಷಯ. ಆರ್‌ಟಿಸಿಗೆ ಆಧಾರ್ ಜೋಡಿಸಿದಾಗ ರಾಜ್ಯದಲ್ಲಿ ಲಕ್ಷಾಂತರ ಜಮೀನುಗಳು ತೀರಿಹೋದವರ ಹೆಸರಿನಲ್ಲೇ ಇರುವುದು ಬಯಲಾಯಿತು. ಪೌತಿ ಖಾತೆಯ ಆಂದೋಲನ ನಡೆದುದು ಆ ಕಾರಣಕ್ಕೆ. ನಮ್ಮ ಭಾಗದ ಪ್ಲಾಟಿಂಗ್ ಗೋಳು ಬೇರೆಯೇ ಇದೆ. ಒಂದೇ ಸರ್ವೆ ನಂಬರಿನಲ್ಲಿ ಹತ್ತಾರು ಮಂದಿಗೆ ಮಂಜೂರಾತಿ, ಗಡಿ ಮಾತ್ರ ಯಾವ ನಕ್ಷೆಯಲ್ಲೂ ಇಲ್ಲ. ಪಟ್ಟಣ ಪಂಚಾಯತ್ ವ್ಯಾಪ್ತಿಗೆ ಸೇರಿದವರಿಗೆ ಇನ್ನೊಂದು ದಾಟು: ಗ್ರಾಮ ಪಂಚಾಯತ್ ಕಾಲದಲ್ಲಿ ನಾವೆಲ್ಲ 'ನೈನ್ ಇಲೆವೆನ್' ಎನ್ನುತ್ತಿದ್ದ ನಮೂನೆ 9 ಮತ್ತು 11 ಇದ್ದುವು. ಪಟ್ಟಣವಾದ ಮೇಲೆ ಇ-ಖಾತೆ. ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಸಾಗಿಸುವಾಗಲೇ ಅಳತೆಯಲ್ಲಿ, ಹೆಸರಿನಲ್ಲಿ ತಪ್ಪು ನುಸುಳುತ್ತದೆ.

ಇವೆಲ್ಲ ಕಚೇರಿಯ ತಪ್ಪುಗಳಾದುವು. ಮನೆಯೊಳಗಿನ ತಪ್ಪಿನ ಬಗ್ಗೆ ಯಾರು ಮಾತನಾಡಬೇಕು? ತಂದೆ ತೀರಿದ ಮೇಲೆ ವಂಶವೃಕ್ಷಕ್ಕೆ ಅರ್ಜಿ ಕೊಡುವಾಗ ಹೆಣ್ಣುಮಕ್ಕಳ ಹೆಸರನ್ನು ಮರೆಯುವವರು, ಅಥವಾ ಮದುವೆಯಲ್ಲಿ ಕೊಟ್ಟ ಚಿನ್ನದ ನೆಪ ಹೇಳಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವವರು ನಮ್ಮ ನಡುವೆಯೇ ಇದ್ದಾರೆ. ಅವರಲ್ಲಿ ಐದು ಹೊತ್ತಿನ ನಮಾಝ್ ತಪ್ಪಿಸದವರೂ ಇದ್ದಾರೆ. ಸಹೋದರಿಯ ಪಾಲನ್ನು ಬಿಟ್ಟು ಬರೆದ ಖಾತೆಗೆ ಬ್ಲಾಕ್‌ಚೈನ್ ಮುದ್ರೆ ಬಿದ್ದರೆ, ಆ ಅನ್ಯಾಯಕ್ಕೆ ಅತ್ಯಂತ ಬಲವಾದ ಬೀಗ ಸಿಕ್ಕಿದಂತಾಯಿತು. ಸಾಲದ ವ್ಯವಹಾರವನ್ನು ಬರೆದಿಡಲು ಹೇಳುವ ಕುರ್‌ಆನ್‌ನ ಅತಿ ದೀರ್ಘ ಸೂಕ್ತವು (2:282) ಸಾಕ್ಷಿಗಳ ಬಗ್ಗೆ ಮಾತ್ರವಲ್ಲ, ಬರೆಯುವವನ ನ್ಯಾಯನಿಷ್ಠೆಯ ಬಗ್ಗೆಯೂ ಹೇಳುತ್ತದೆ. ಈ ತಂತ್ರಜ್ಞಾನ ಒಳ್ಳೆಯ ಸಾಕ್ಷಿ. ಬರೆದುದು ಬದಲಾಗಿಲ್ಲ ಎಂದಷ್ಟೇ ಅದು ಹೇಳುತ್ತದೆ, ಬರೆದುದು ಸತ್ಯ ಎಂದಲ್ಲ.

ಮತ್ತೊಂದು ಪ್ರಶ್ನೆ, ಹತ್ತು ಮನೆಗಳು ಯಾರವು? 'ವಿಶ್ವಸ್ಯ'ದ ಯಂತ್ರಗಳು ಭುವನೇಶ್ವರ, ಪುಣೆ ಮತ್ತು ಹೈದರಾಬಾದ್‌ಗಳಲ್ಲಿವೆ. ಊರು ಮೂರು, ಯಜಮಾನ ಮಾತ್ರ ಅದೇ ರಾಷ್ಟ್ರೀಯ ಮಾಹಿತಿ ಕೇಂದ್ರ. ಕಾರ್ಯದರ್ಶಿಯೇ ತನ್ನ ಮೂರು ಕೋಣೆಗಳಲ್ಲಿ ಮೂರು ಪ್ರತಿ ಇಟ್ಟುಕೊಂಡರೆ ಕಳ್ಳತನ ಕಷ್ಟವಾಗಬಹುದು, ಕಾರ್ಯದರ್ಶಿಯ ಮೇಲಿನ ಅವಲಂಬನೆ ತಪ್ಪುವುದಿಲ್ಲ. ಒಂದು ಪ್ರತಿ ನ್ಯಾಯಾಂಗದ ಬಳಿ, ಒಂದು ಚುನಾಯಿತ ಸ್ಥಳೀಯ ಸಂಸ್ಥೆಗಳ ಬಳಿ ಏಕಿರಬಾರದು?

ಪಾರದರ್ಶಕತೆಯ ಹೆಸರಿನಲ್ಲಿ ಏನನ್ನು ತೆರೆದಿಡಬಾರದು ಎಂಬುದಕ್ಕೂ ಪಾಠ ನಮ್ಮ ಜಿಲ್ಲೆಯಲ್ಲೇ ಇದೆ. 2023ರಲ್ಲಿ ಮಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದ ಹಲವರ ಬ್ಯಾಂಕ್ ಖಾತೆಗಳಿಂದ ಆಧಾರ್ ಪಾವತಿಯ ಮೂಲಕ ಹಣ ಮಾಯವಾಯಿತು. ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿದ ಆರೋಪದಲ್ಲಿ ಪೊಲೀಸರು ಬಿಹಾರದವರನ್ನು ಬಂಧಿಸಿದರು. ಅಳಿಸಲಾಗದ ಕಡೆ ಬೆರಳಚ್ಚನ್ನಾಗಲಿ ಆಧಾರ್ ಸಂಖ್ಯೆಯನ್ನಾಗಲಿ ಇಡಕೂಡದು. ಅದರ ಗುರುತುಸಂಖ್ಯೆ ಮಾತ್ರ ಸಾಕು.

ಹಾಗಾದರೆ ನಾವು ವಿರೋಧಿಸಬೇಕೇ? ಖಂಡಿತ ಬೇಡ. ದಾಖಲೆ ತಿದ್ದಿ ಬಡವನ ನೆಲ ಕಬಳಿಸುವವರಿರುವ ನಾಡಿನಲ್ಲಿ ತಿದ್ದಲಾಗದ ದಾಖಲೆ ಬಡವನಿಗೇ ಹೆಚ್ಚು ಬೇಕು. ಬ್ಲಾಕ್‌ಚೈನ್‌ನಲ್ಲೂ ತಿದ್ದುಪಡಿಗೆ ದಾರಿಯಿದೆ. ಹಳೆಯದನ್ನು ಅಳಿಸದೆ, ಅದನ್ನು ಸೂಚಿಸುವ ಹೊಸ ನಮೂದನ್ನು ಸೇರಿಸಬೇಕು. ಆ ಅಧಿಕಾರ ಯಾರಿಗೆ, ಎಷ್ಟು ದಿನಗಳಲ್ಲಿ, ಕನ್ನಡದಲ್ಲಿ ನೋಟಿಸು ಬರುತ್ತದೆಯೇ ಎಂಬುದನ್ನು ಮೊದಲೇ ತೀರ್ಮಾನಿಸಬೇಕು. ಇಲ್ಲವಾದರೆ ಒಂದಕ್ಷರಕ್ಕಾಗಿ ತಹಶೀಲ್ದಾರರಿಂದ ಪುತ್ತೂರಿನ ಸಹಾಯಕ ಆಯುಕ್ತರವರೆಗೆ ಅಲೆಯುವ ನಾವು ಮುಂದೆ ಬೆಂಗಳೂರಿನವರೆಗೂ ಅಲೆಯಬೇಕಾದೀತು. ಕಡಬ ಪಟ್ಟಣ ಪಂಚಾಯತ್‌ಗೆ 2025ರ ಆಗಸ್ಟ್‌ನಲ್ಲಿ ಮೊದಲ ಚುನಾವಣೆ ನಡೆದಿದೆ. ಕೇಳಲು ಸದಸ್ಯರಿದ್ದಾರೆ, ಹಳ್ಳಿಗಳಲ್ಲಿ ಗ್ರಾಮಸಭೆಯಿದೆ.

ಎಲ್ಲವೂ ಯಂತ್ರಕ್ಕೆ ಹೋದ ಮೇಲೆ ಹಳೆಯ ಕಾಗದ ಏಕೆಂದು ಯುವಕರು ಕೇಳುವುದುಂಟು. 2025ರ ಜೂನ್‌ನಲ್ಲಿ ಆರಂಭವಾದ ಉಮೀದ್ ಪೋರ್ಟಲ್‌ಗೆ ವಕ್ಫ್ ಆಸ್ತಿಗಳ ವಿವರ ಸೇರಿಸಲು ಸಿಕ್ಕಿದ್ದು ಆರು ತಿಂಗಳು. ಆಗ ನೆರವಿಗೆ ಬಂದುದು ಹಳೆಯ ಕಾಗದಗಳೇ. ನಮ್ಮ ಜಿಲ್ಲೆ 1956ರವರೆಗೆ ಮದ್ರಾಸಿಗೆ ಸೇರಿತ್ತು. ಅಜ್ಜಂದಿರ ಪೆಟ್ಟಿಗೆಯಲ್ಲಿ ಆ ಕಾಲದ ದಸ್ತಾವೇಜು, ಅಡಂಗಲ್ ಪ್ರತಿ, ತೀರ್ವೆ ರಶೀದಿಗಳಿದ್ದರೆ ಗೆದ್ದಲು ಹಿಡಿಯುವ ಮೊದಲು ತೆಗೆದು, ದೃಢೀಕೃತ ನಕಲು ಮಾಡಿಸಿ, ಒಂದೊಂದು ಪ್ರತಿಯನ್ನು ಮನೆಯ ಹೆಣ್ಣುಮಕ್ಕಳ ಕೈಯಲ್ಲೂ ಕೊಡಿ.