ಪಾಲಿಕೆಯ ಕನ್ನಡ ಶಾಲೆ ಮತ್ತು ನಮ್ಮ ಸಂಘಗಳು

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಮುಂಬಯಿ ಮಹಾನಗರಪಾಲಿಕೆಯು ಮರಾಠಿ, ಹಿಂದಿ, ಉರ್ದು, ಗುಜರಾತಿ, ಕನ್ನಡ, ತಮಿಳು, ತೆಲುಗು, ಇಂಗ್ಲಿಷ್ ಎಂಬ ಎಂಟು ಮಾಧ್ಯಮಗಳಲ್ಲಿ ಪ್ರಾಥಮಿಕ ಶಾಲೆಗಳನ್ನು ನಡೆಸುತ್ತ ಬಂದಿದೆ. ಒಂದೇ ಕಟ್ಟಡದ ಒಂದು ಮಹಡಿಯಲ್ಲಿ ಮರಾಠಿ ಪಾಠ, ಇನ್ನೊಂದರಲ್ಲಿ ಉರ್ದು ಮಗ್ಗಿ, ಮತ್ತೊಂದರಲ್ಲಿ ಕನ್ನಡದ ಕಾಗುಣಿತ ಕೇಳಿಬರುವ ಊರು ಇದು.

ಇದು ಯಾರೋ ನಮಗೆ ನೀಡಿದ ಭಿಕ್ಷೆಯಲ್ಲ. ಒಂದು ಶಾಲೆಯಲ್ಲಿ 40, ಅಥವಾ ಒಂದು ತರಗತಿಯಲ್ಲಿ 10 ಮಕ್ಕಳು ಬೇರೆ ಮಾತೃಭಾಷೆಯವರಿದ್ದರೆ ಆ ಭಾಷೆಯಲ್ಲಿ ಕಲಿಸಲು ಅಧ್ಯಾಪಕರನ್ನು ಒದಗಿಸಬೇಕೆಂದು ಪ್ರಾಂತೀಯ ಶಿಕ್ಷಣ ಸಚಿವರ ಸಮ್ಮೇಳನ 1949ರಲ್ಲಿಯೇ ಒಪ್ಪಿತ್ತು. 1956ರಲ್ಲಿ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಆದರೆ ಹಕ್ಕಿನ ವಾದವೆಲ್ಲ ಕೊನೆಗೆ ಜೂನ್ ತಿಂಗಳ ತಲೆಯೆಣಿಕೆಗೇ ಬಂದು ನಿಲ್ಲುತ್ತದೆ. ಮಕ್ಕಳಿಲ್ಲದ ತರಗತಿಯನ್ನು ಯಾವ ವಿಧಿಯೂ ಉಳಿಸಲಾರದು.

ಅಲ್ಲಿ ಕುಳಿತಿರುವ ಮಕ್ಕಳು ಯಾರವರು? ಈ ಸಭೆಯಲ್ಲಿರುವವರ ಮೊಮ್ಮಕ್ಕಳಂತೂ ಅಲ್ಲ. ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕೂಲಿಕಾರರ ಮಕ್ಕಳು. ಕನ್ನಡ ಶಾಲೆಯೆಂದ ಮಾತ್ರಕ್ಕೆ ಅವರೆಲ್ಲರ ಮನೆಮಾತು ಕನ್ನಡವೇ ಆಗಿರಬೇಕಿಲ್ಲ. ಲಂಬಾಣಿ ಮಗು ಮನೆಯಲ್ಲಿ ‘ಬಾಟಿ’ ಎನ್ನುತ್ತದೆ, ಬೀದಿಯಲ್ಲಿ ‘ಭಾಕರಿ’ ಎಂದು ಕೇಳುತ್ತದೆ, ಪುಸ್ತಕದಲ್ಲಿ ‘ರೊಟ್ಟಿ’ ಎಂದು ಓದುತ್ತದೆ. ತುಳು, ತೆಲುಗು, ದಖನಿ ಉರ್ದು ಆಡುವ ಮಕ್ಕಳದೂ ಇದೇ ಕಥೆ. ಒಂದನೆಯ ಇಯತ್ತೆಯ ಶಿಕ್ಷಕಿ ಇಷ್ಟೆಲ್ಲವನ್ನೂ ದಾಟಿ ಅಕ್ಷರಕ್ಕೆ ಬರಬೇಕು. ಆಕೆಯ ದುಡಿಮೆಯನ್ನು ನಮ್ಮ ಸನ್ಮಾನ ಸಮಾರಂಭಗಳು ಕಂಡಂತಿಲ್ಲ.

ಪಠ್ಯಪುಸ್ತಕ, ಸಮವಸ್ತ್ರ, ಪಾದರಕ್ಷೆ, ವಹಿಗಳನ್ನು ಪಾಲಿಕೆ ಉಚಿತವಾಗಿ ಕೊಡುತ್ತದೆ, ಮಧ್ಯಾಹ್ನದ ಊಟವಿದೆ. ಆದ್ದರಿಂದ ನೋಟುಪುಸ್ತಕ ಹಂಚಿ ಫೋಟೋ ತೆಗೆಸಿಕೊಳ್ಳುವುದರಿಂದ ಹೆಚ್ಚಿನದೇನೂ ಆಗದು. ಕೊರತೆ ಇರುವುದು ಬೇರೆಡೆ. ವರ್ಷದ ನಡುವೆ ಊರಿನಿಂದ ಬಂದ ಮಗುವಿನ ಬಳಿ ಜನನ ಪ್ರಮಾಣಪತ್ರವಿರುವುದಿಲ್ಲ, ವರ್ಗಾವಣೆ ಪತ್ರ ಬಂದಿರುವುದಿಲ್ಲ. ಈ ಕಾರಣಕ್ಕೆ ಪ್ರವೇಶ ನಿರಾಕರಿಸಬಾರದೆಂದು 2009ರ ಶಿಕ್ಷಣ ಹಕ್ಕು ಕಾಯಿದೆ ಹೇಳುತ್ತದೆ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ಕೊಡಬೇಕೆನ್ನುತ್ತದೆ. ಗಾರೆ ಕೆಲಸದ ತಾಯಿಗೆ ಇದನ್ನು ಹೇಳುವವರು ಯಾರು?

ಅದೇ ಕಾಯಿದೆಯ ಪ್ರಕಾರ ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಒಟ್ಟಿನಲ್ಲಿ ಅರ್ಧದಷ್ಟು ಮಹಿಳೆಯರು ಇರಬೇಕು. ಅರ್ಥವಾಗದ ಭಾಷೆಯಲ್ಲಿ ಓದಿದ ನಡಾವಳಿಗೆ ಹೆಬ್ಬೆಟ್ಟು ಒತ್ತಿ ಆ ತಾಯಿ ಮನೆಗೆ ಮರಳಿದರೆ ಸಮಿತಿ ಕಾಗದದ ಮೇಲೆ ಮಾತ್ರ ಇದ್ದಂತೆ. ಆಕೆಯ ಪಕ್ಕದಲ್ಲಿ ಕುಳಿತು ಕನ್ನಡದಲ್ಲಿ ತಿಳಿಸಿಹೇಳಲು ಎರಡೂ ಭಾಷೆ ಬಲ್ಲ ಒಬ್ಬರು ಸಾಕು.

ಮರಾಠಿಯ ಬಗ್ಗೆ ಒಂದು ಮಾತು. 2020ರ ಕಾನೂನು ಎಲ್ಲ ಶಾಲೆಗಳಲ್ಲೂ ಮರಾಠಿಯನ್ನು ಕಡ್ಡಾಯಗೊಳಿಸಿತು. ಇದರಲ್ಲಿ ಕನ್ನಡಕ್ಕೆ ಕುತ್ತು ಕಾಣುವವರ ಜೊತೆ ನಾನಿಲ್ಲ. ಈ ನಗರದಲ್ಲಿ ಬಾಳಬೇಕಾದ ಮಗುವಿಗೆ ಒಳ್ಳೆಯ ಮರಾಠಿ ಕಲಿಸದ ಕನ್ನಡ ಶಾಲೆಯನ್ನು ಪಾಲಕರು ನಂಬುವುದಾದರೂ ಹೇಗೆ?

ಶಾಲೆ ಮುಚ್ಚುವ ಸುದ್ದಿ ಬಂದಾಗ ಮನವಿಪತ್ರ ಬರೆಯುವುದು ಸುಲಭ. ಏಪ್ರಿಲ್, ಮೇ ತಿಂಗಳಲ್ಲಿಯೇ ಕಟ್ಟಡ ಕೆಲಸದ ಜಾಗಗಳಿಗೆ ಹೋಗಿ ಆರು ತುಂಬಿದ ಮಕ್ಕಳ ಪಟ್ಟಿ ಮಾಡಬೇಕು. ಅರ್ಜಿ ತುಂಬಿಸಿ, ಪ್ರವೇಶದ ದಿನ ಜೊತೆಗೆ ನಿಲ್ಲಬೇಕು. ಇದಕ್ಕೆ ಭಾನುವಾರಗಳನ್ನು ಕೊಡಬಲ್ಲವರು ಇಂದು ಸಭೆ ಮುಗಿಯುವ ಮುನ್ನ ಕಾರ್ಯದರ್ಶಿಯವರಲ್ಲಿ ಹೆಸರು ಬರೆಸಬೇಕೆಂದು ಕೋರುತ್ತೇನೆ.